ನರಿಮರಿ ಯಾರದ್ದು?

ಸ್ಪಾರ್ಟಾದ ಆ ಹುಡುಗನ ಕಥೆಯನ್ನು ನಿಮಗೂ ಯಾರಾದರೂ ಹೇಳಿರ್ತಾರೆ. ನರಿಮರಿಯೊಂದನ್ನು ಕದ್ದು, ಹೊದ್ದ ಬಟ್ಟೆಯೊಳಗೆ ಬಚ್ಚಿಟ್ಟುಕೊಂಡಿದ್ದಾನೆ. ಒಳಗೆ ಅದು ಹಲ್ಲು ಉಗುರುಗಳಿಂದ ಅವನ ಹೊಟ್ಟೆ ಬಗೀತಾ ಇದೆ. ಹುಡುಗ ತುಟಿಪಿಟಕ್ ಅನ್ನಲ್ಲ. ಕದ್ದದ್ದು ಬಯಲಾಗೋದಕ್ಕಿಂತ ಸಾಯೋದೇ ಮೇಲು ಅಂತ ಸುಮ್ಮನಿದ್ದು ಸತ್ತೇ ಹೋಗ್ತಾನೆ. ಪ್ಲುಟಾರ್ಕ್ ಅನ್ನೋ ಗ್ರೀಕ್ ಲೇಖಕ ಇದನ್ನು ಲೈಕರ್ಗಸ್‌ನ ಜೀವನಚರಿತ್ರೆಯಲ್ಲಿ ಬರೆದಿಟ್ಟಿದ್ದಾನೆ. ಲೈಕರ್ಗಸ್ ಅಂದರೆ ಸ್ಪಾರ್ಟಾಕ್ಕೆ ಕಾನೂನು ಕಟ್ಟಳೆಗಳನ್ನು ಮಾಡಿಕೊಟ್ಟ ಅಂತ ಅಲ್ಲಿನವರು ನಂಬಿದ್ದ ಹಿರಿಯ.

ನನಗೆ ಈ ಕಥೆ ಸಿಕ್ಕಿದ್ದು ಪುಸ್ತಕದಲ್ಲಲ್ಲ, ಆಫೀಸಿನವರು ಕರೆದುಕೊಂಡು ಹೋಗಿದ್ದ ಎರಡು ದಿನದ ಲೀಡರ್‌ಶಿಪ್ ಟ್ರೈನಿಂಗ್‌ನಲ್ಲಿ. ಸ್ಲೈಡಿನ ಮೇಲೆ ಕಂಚಿನ ಶಿರಸ್ತ್ರಾಣ, ಅದರ ಮೇಲೆ ಕೆಂಪು ಜುಟ್ಟು. ಈ ಹುಡುಗನಿಂದ ಏನು ಕಲೀಬಹುದು ಅಂತ ಟ್ರೈನರ್ ಕೇಳಿದರು. ಫೋಕಸ್, ಗ್ರಿಟ್, ಓನರ್‌ಶಿಪ್ ಅಂತ ಬೋರ್ಡು ತುಂಬಿತು. ಹಿಂದಿನ ಸಾಲಿನಿಂದ ಯಾರೋ, "ಸಾರ್, ನರಿಮರಿ ಯಾರದ್ದು?" ಅಂದರು. ಎಲ್ಲರೂ ನಕ್ಕರು, ಟೀ ಬ್ರೇಕ್ ಆಯ್ತು.

ತಮಾಷೆಗೆ ಕೇಳಿದ ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಕೊಂಡುಬಿಡ್ತು. ಕಥೆಯಲ್ಲಿ ಹುಡುಗ ಇದ್ದಾನೆ, ನರಿ ಇದೆ, ನೋವಿದೆ. ಕಳಕೊಂಡವನು ಮಾತ್ರ ಇಲ್ಲ. ಸ್ಪಾರ್ಟಾದ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದ ಮೇಲೆ ನನಗನ್ನಿಸಿದ್ದು, ಅವನು ಆ ಕಥೆಯಿಂದ ಮಾತ್ರ ಕಾಣೆಯಾಗಿಲ್ಲ ಅಂತ.

ಮೊದಲು ಆ ಶಿಕ್ಷಣ ಹೇಗಿತ್ತು ಅನ್ನೋದನ್ನು ಹೇಳಿಬಿಡ್ತೀನಿ. ನಮಗೆ ಇದನ್ನು ಹೇಳುವವರು ಮುಖ್ಯವಾಗಿ ಇಬ್ಬರು. ಒಬ್ಬ ಝೆನೊಫನ್. ಅಥೆನ್ಸ್‌ನವನು, ಆದರೆ ಸ್ಪಾರ್ಟಾದ ರಾಜ ಅಗೆಸಿಲಾಸ್‌ನ ಸ್ನೇಹಿತ. ಕ್ರಿ.ಪೂ. ನಾಲ್ಕನೇ ಶತಮಾನದಲ್ಲಿ, ತಾನೇ ಕಣ್ಣಾರೆ ಕಂಡ ಸ್ಪಾರ್ಟಾದ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದ. ಇನ್ನೊಬ್ಬ ನಮ್ಮ ಪ್ಲುಟಾರ್ಕ್. ಅವನು ಬರೆದದ್ದು ಅದಾಗಿ ಸುಮಾರು ಐನೂರು ವರ್ಷದ ಮೇಲೆ. ಒಬ್ಬ ಅಭಿಮಾನಿ, ಇನ್ನೊಬ್ಬ ತೀರಾ ತಡವಾಗಿ ಬಂದವನು. ಈಗ ಎಲ್ಲರೂ ಬಳಸುವ 'ಅಗೋಗೆ' ಅನ್ನೋ ಹೆಸರು ಕೂಡ ಆಮೇಲಿನ ಕಾಲದ್ದು, ಝೆನೊಫನ್ ಈ ಶಿಕ್ಷಣವನ್ನು ಆ ಹೆಸರಿನಿಂದ ಕರೆಯಲ್ಲ. ಹಾಗಾಗಿ ಸ್ವಲ್ಪ ಉಪ್ಪು ಖಾರ ಕಳೆದು ಓದಬೇಕು.

ಪ್ಲುಟಾರ್ಕ್ ಹೇಳೋ ಪ್ರಕಾರ ಏಳು ವರ್ಷಕ್ಕೆ ಹುಡುಗರನ್ನು ಮನೆಯಿಂದ ಕರಕೊಂಡು ಗುಂಪುಗಳಾಗಿ ಮಾಡ್ತಿದ್ದರು. ಆ ಗುಂಪಿಗೆ ಅವರ ಭಾಷೆಯಲ್ಲಿ ಇದ್ದ ಪದಕ್ಕೆ ಮಂದೆ ಅಂತಲೇ ಅರ್ಥ. ತಲೆ ನುಣ್ಣಗೆ ಕತ್ತರಿಸೋದು, ಬರಿಗಾಲು, ಬಹುಪಾಲು ಬರಿಮೈಯಲ್ಲೇ ಆಟ. ಹನ್ನೆರಡಾದ ಮೇಲೆ ವರ್ಷಕ್ಕೆ ಒಂದೇ ಬಟ್ಟೆ, ಚಳಿಗೂ ಅದೇ ಬಿಸಿಲಿಗೂ ಅದೇ. ಮಲಗೋಕೆ ಯೂರೋಟಾಸ್ ನದಿಯ ದಡದಿಂದ ಜೊಂಡು ತಂದು ಹಾಸಿಕೊಳ್ಳಬೇಕು. ಅದನ್ನು ಚಾಕುವಿನಿಂದ ಕೊಯ್ಯೋ ಹಾಗಿಲ್ಲ, ಕೈಯಲ್ಲೇ ಮುರೀಬೇಕು. ಓದು ಬರಹ ಎಷ್ಟು ಬೇಕೋ ಅಷ್ಟು. ಊಟದ ಹೊತ್ತಲ್ಲಿ ಗುಂಪಿನ ಮೇಲ್ವಿಚಾರಕನಾದ ಇಪ್ಪತ್ತರ ಯುವಕ ಪ್ರಶ್ನೆ ಕೇಳ್ತಾನೆ: ಊರಿನಲ್ಲಿ ಒಳ್ಳೆಯವನು ಯಾರು, ಇಂಥವನು ಮಾಡಿದ್ದು ಸರಿಯೋ ತಪ್ಪೋ. ಉತ್ತರ ಚಿಕ್ಕದಾಗಿರಬೇಕು, ಕಾರಣವೂ ಇರಬೇಕು. ತಡಬಡಾಯಿಸಿದರೆ ಹೆಬ್ಬೆರಳು ಕಚ್ಚಿಸಿಕೊಳ್ಳೋ ಶಿಕ್ಷೆ. ಇಡೀ ವ್ಯವಸ್ಥೆಗೆ ಒಬ್ಬ ದೊಡ್ಡ ಅಧಿಕಾರಿ, ಅವನ ಜೊತೆಗೆ ಚಾಟಿ ಹಿಡಿದ ಯುವಕರು. ಅಧಿಕಾರಿ ಹತ್ತಿರದಲ್ಲಿಲ್ಲ ಅಂದರೆ ದಾರಿಯಲ್ಲಿ ಹೋಗೋ ಯಾವ ನಾಗರಿಕ ಬೇಕಾದರೂ ಹುಡುಗನನ್ನು ದಂಡಿಸಬಹುದು.

ಇನ್ನು ಊಟ. ಹೊಟ್ಟೆ ತುಂಬೋವಷ್ಟು ಕೊಡ್ತಿರಲಿಲ್ಲ, ಬೇಕೂಂತಲೇ. ಹಸಿವಾದರೆ ತೋಟಗಳಿಂದ, ದೊಡ್ಡವರ ಊಟದ ಮನೆಗಳಿಂದ ಕದೀಬಹುದು. ಸಿಕ್ಕಿಬಿದ್ದರೆ ಚಾಟಿಯೇಟು. ಕದ್ದದ್ದಕ್ಕಲ್ಲ, ಸರಿಯಾಗಿ ಕದೀದೆ ಇದ್ದದ್ದಕ್ಕೆ. ಹೀಗೇಕೆ ಅಂತ ಝೆನೊಫನ್ ವಿವರಿಸ್ತಾನೆ: ಕದಿಯೋನು ರಾತ್ರಿ ಎದ್ದಿರಬೇಕು, ಹಗಲು ಮರೆಯಲ್ಲಿ ಹೊಂಚಬೇಕು, ಯಾರು ಎಲ್ಲಿದ್ದಾರೆ ಅಂತ ತಿಳ್ಕೊಂಡಿರಬೇಕು, ಇದೆಲ್ಲ ಯುದ್ಧಕ್ಕೆ ತಯಾರಿ. ರಾತ್ರಿ, ಹೊಂಚು, ಮರೆ. ಈ ಮೂರು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇದರ ಸೆಳೆತ ನನಗೆ ಅರ್ಥವಾಗದ್ದೇನಲ್ಲ. ನಾನೂ ಐದೂವರೆಗೆ ಎದ್ದು ಓಡ್ತೀನಿ. ದಿನಕ್ಕೆ ಒಂಬತ್ತು ಗಂಟೆ ಕುರ್ಚಿಯಲ್ಲಿ ಕೂತು, ಕುತ್ತಿಗೆ ನೋವಿಗೆ ದಿಂಬು ಬದಲಾಯಿಸೋ ನಮ್ಮಂಥವರಿಗೆ ಬರಿಗಾಲಿನ ಹುಡುಗರನ್ನು ಕಂಡರೆ ಏನೋ ಒಂದು ಅಸೂಯೆ. 2007ರಲ್ಲಿ ತೆರೆಗೆ ಬಂದ '300' ಸಿನಿಮಾ ಆದಮೇಲಂತೂ ಜಿಮ್ಮಿನ ಗೋಡೆ, ಟೀಶರ್ಟು, ಪ್ರೋಟೀನ್ ಡಬ್ಬ ಎಲ್ಲದರ ಮೇಲೂ ಆ ಶಿರಸ್ತ್ರಾಣ. ಕೆಸರಿನಲ್ಲಿ ತೆವಳಿ, ಹಗ್ಗ ಹತ್ತಿ, ಗೋಡೆ ಹಾರುವ ಓಟಗಳಿಗೂ ಸ್ಪಾರ್ಟಾದ್ದೇ ಹೆಸರು. ದುಡ್ಡು ಕೊಟ್ಟು ಕೆಸರಲ್ಲಿ ಹೊರಳೋ ಜನ ನಾವು. ಇರಲಿ ಬಿಡಿ, ಅದರಲ್ಲೇನೂ ತಪ್ಪಿಲ್ಲ.

ಆ ಶಿಕ್ಷಣದಲ್ಲಿ ನಿಜವಾಗಿ ಮೆಚ್ಚಬೇಕಾದದ್ದೂ ಇತ್ತು. ಬಡವನ ಮಗ, ಶ್ರೀಮಂತನ ಮಗ ಒಂದೇ ಜೊಂಡಿನ ಮೇಲೆ ಮಲಗ್ತಿದ್ದರು. ಅಥೆನ್ಸ್‌ನಲ್ಲಿ ಒಳ್ಳೆ ಮನೆಯ ಹೆಣ್ಣುಮಕ್ಕಳು ಒಳಮನೆಯಲ್ಲಿ ನೂಲು ತೆಗೀತಿದ್ದ ಕಾಲದಲ್ಲಿ ಸ್ಪಾರ್ಟಾದ ಹುಡುಗಿಯರು ಓಡ್ತಿದ್ದರು, ಕುಸ್ತಿ ಆಡ್ತಿದ್ದರು, ಈಟಿ ಎಸೀತಿದ್ದರು. (ಗಟ್ಟಿಮುಟ್ಟಾದ ಮಕ್ಕಳನ್ನು ಹೆರಲಿ ಅನ್ನೋದೇ ಅದರ ಉದ್ದೇಶ ಅಂತ ಝೆನೊಫನ್ ಹೇಳ್ತಾನೆ. ಆದರೂ ಓಡಿದ ಕಾಲು ಓಡಿದ್ದೇ ಅಲ್ವಾ.) ಮಕ್ಕಳ ಶಿಕ್ಷಣ ಇಡೀ ಊರಿನ ಹೊಣೆ ಅಂತ ಭಾವಿಸಿದ್ದು ಸ್ಪಾರ್ಟಾದ ದೊಡ್ಡತನ ಅಂತ ಅರಿಸ್ಟಾಟಲ್ ಕೂಡ ಒಪ್ಪುತ್ತಾನೆ. ಒಂದು ವಿಷಯ ಮಾತ್ರ ನಗು ತರಿಸುತ್ತೆ: ಈ ಕಷ್ಟದ ಶಿಕ್ಷಣದಿಂದ ಪಟ್ಟಕ್ಕೆ ಬರೋ ರಾಜಕುಮಾರನಿಗೆ ವಿನಾಯಿತಿ ಇತ್ತು. ಅಗೆಸಿಲಾಸ್ ಕಿರಿಯ ಮಗನಾದ್ದರಿಂದ, ಅವನು ರಾಜನಾಗ್ತಾನೆ ಅಂತ ಯಾರೂ ಅಂದುಕೊಂಡಿರದ ಕಾರಣ, ಒಂದು ಕಾಲು ಕುಂಟಾಗಿದ್ದರೂ ಎಲ್ಲರ ಜೊತೆ ಏಟು ತಿಂದು ಬೆಳೆದ.

ಹಾಗಾದರೆ ಈ ಜನ ಹೊಟ್ಟೆಗೆ ಏನು ತಿನ್ತಿದ್ದರು? ಬೇಸಾಯ ಮಾಡ್ತಿರಲಿಲ್ಲ, ವ್ಯಾಪಾರ, ಕಸುಬು ಎರಡೂ ಅವರಿಗೆ ನಿಷಿದ್ಧ. ಆದರೆ ಪ್ರತಿಯೊಬ್ಬ ನಾಗರಿಕನೂ ಪ್ರತಿ ತಿಂಗಳು ತನ್ನ ಊಟದ ಕೂಟಕ್ಕೆ ಬಾರ್ಲಿ ಹಿಟ್ಟು, ವೈನ್, ಗಿಣ್ಣು, ಅಂಜೂರ ತಂದು ಹಾಕಬೇಕಿತ್ತು. ಅದನ್ನೆಲ್ಲ ಬೆಳೀತಿದ್ದವರು ಹೆಲೊಟರು. ಲಕೋನಿಯಾ ಮತ್ತು ಪಕ್ಕದ ಮೆಸ್ಸೇನಿಯಾದ ಜನ ಅವರು. ತಮ್ಮದೇ ನೆಲದಲ್ಲಿ, ತಮ್ಮದಲ್ಲದ ಹೊಲ ಗೇಯ್ತಾ ಇದ್ದವರು. ಮೆಸ್ಸೇನಿಯರು ಬೆಳೆದದ್ದರಲ್ಲಿ ಅರ್ಧ ಒಡೆಯರಿಗೆ ಹೊರಬೇಕಿತ್ತು ಅಂತ ಟಿರ್ಟಿಯಸ್ ಅನ್ನೋ ಹಳೆಯ ಸ್ಪಾರ್ಟಾ ಕವಿ ಹೇಳ್ತಾನೆ. ನಮ್ಮ 'ಜೀತ' ಅನ್ನೋ ಪದ ಇದಕ್ಕೆ ಪೂರ್ತಿ ಹೊಂದಲ್ಲ. ಜೀತಕ್ಕೆ ಸಾಲದ ನೆಪವಾದರೂ ಇರುತ್ತೆ. ಇಲ್ಲಿ ಹುಟ್ಟಿದ್ದೇ ನೆಪ. ಕೈ ಕೆಸರಾದರೆ ಬಾಯಿ ಮೊಸರು ಅಂತೀವಲ್ಲ, ಸ್ಪಾರ್ಟಾದಲ್ಲಿ ಕೈ ಒಬ್ಬರದು, ಬಾಯಿ ಇನ್ನೊಬ್ಬರದು.

ಅವರು ಎಷ್ಟು ಜನ ಇದ್ದರು? ಕ್ರಿ.ಪೂ. 479ರ ಪ್ಲಾಟಿಯಾ ಯುದ್ಧಕ್ಕೆ 5,000 ಸ್ಪಾರ್ಟನ್ನರು ಹೋದಾಗ ಒಬ್ಬೊಬ್ಬರ ಜೊತೆ ಏಳೇಳು ಹೆಲೊಟರು ಹೋದರು ಅಂತ ಹೆರೊಡೊಟಸ್‌ನ ಲೆಕ್ಕ. ಅಂದರೆ 35,000. ಯುದ್ಧಕ್ಕೆ ಹೋದವರದಷ್ಟೇ ಈ ಲೆಕ್ಕ, ಹೊಲದಲ್ಲಿ ಉಳಿದವರು ಬೇರೆ. ತಮಗಿಂತ ಇಷ್ಟೊಂದು ಜಾಸ್ತಿ ಇರೋ ಜನರನ್ನು ತುಳಿದಿಟ್ಟುಕೊಂಡು ರಾತ್ರಿ ನಿದ್ದೆ ಮಾಡೋದು ಹೇಗೆ? ಸ್ಪಾರ್ಟಾದ ಗರಡಿಮನೆ ಈ ಪ್ರಶ್ನೆಗೆ ಉತ್ತರ ಅಂತ ನನಗನ್ನಿಸುತ್ತೆ. ಪರ್ಷಿಯಾದ ದೊರೆ ಬಂದಿದ್ದು ಒಮ್ಮೆ. ಹೆಲೊಟರು ದಿನಾ ಬಾಗಿಲಲ್ಲೇ ಇದ್ದರು.

ಈಗ ಆ ಮೂರು ಮಾತಿಗೆ ಬರೋಣ. ಸ್ಪಾರ್ಟಾದಲ್ಲಿ ಕ್ರಿಪ್ಟೆಯಾ ಅಂತ ಒಂದು ಪದ್ಧತಿ ಇತ್ತು. ಹೆಸರಿನ ಅರ್ಥವೇ ಗುಟ್ಟು, ಮರೆ ಅನ್ನೋದು. ಪ್ಲೇಟೋ ತನ್ನ ಮುಪ್ಪಿನಲ್ಲಿ ಬರೆದ 'ಲಾಸ್' ಅನ್ನೋ ಸಂವಾದದಲ್ಲಿ ಮೆಗಿಲಸ್ ಅಂತ ಒಬ್ಬ ಸ್ಪಾರ್ಟನ್ ಬರ್ತಾನೆ. ನಮ್ಮೂರಲ್ಲಿ ಕಷ್ಟಸಹಿಷ್ಣುತೆ ಕಲಿಸೋಕೆ ಏನೇನಿದೆ ಅಂತ ಅವನು ಪಟ್ಟಿ ಕೊಡ್ತಾನೆ. ಅದರಲ್ಲಿ ಕ್ರಿಪ್ಟೆಯಾನೂ ಒಂದು. ಚಳಿಗಾಲದಲ್ಲಿ ಬರಿಗಾಲು, ಹಾಸಿಗೆ ಇಲ್ಲ, ಸೇವಕರಿಲ್ಲ, ಹಗಲೂ ರಾತ್ರಿ ನಾಡೆಲ್ಲ ಅಲೆಯೋದು. ಅವನ ಬಾಯಲ್ಲಿ ಕೇಳಿದರೆ ಒಳ್ಳೇ ಟ್ರೆಕ್ಕಿಂಗ್ ಕ್ಯಾಂಪಿನ ಹಾಗೆ ಕೇಳಿಸುತ್ತೆ.

ಅದೇ ಪದ್ಧತಿಯನ್ನು ಪ್ಲುಟಾರ್ಕ್ ಅರಿಸ್ಟಾಟಲ್‌ನ ಹೆಸರು ಹಿಡಿದು ಹೀಗೆ ವಿವರಿಸ್ತಾನೆ. ಚುರುಕಾದ ಯುವಕರನ್ನು ಆರಿಸಿ, ಒಂದೊಂದು ಕಠಾರಿ, ಬೇಕಾದಷ್ಟೇ ಆಹಾರ ಕೊಟ್ಟು ಹಳ್ಳಿಗಾಡಿಗೆ ಕಳಿಸ್ತಿದ್ದರು. ಹಗಲೆಲ್ಲ ಮರೆಯಲ್ಲಿ ಅಡಗಿರೋದು, ರಾತ್ರಿಯಾದ ಮೇಲೆ ದಾರಿಗಿಳಿದು ಸಿಕ್ಕ ಹೆಲೊಟನನ್ನು ಕೊಲ್ಲೋದು. ಎಷ್ಟೋ ಸಲ ಹೊಲಗಳಿಗೇ ಹೋಗಿ, ಅಲ್ಲಿ ದುಡೀತಾ ಇದ್ದವರಲ್ಲಿ ಎಲ್ಲರಿಗಿಂತ ಗಟ್ಟಿಮುಟ್ಟಾದವರನ್ನು ಹುಡುಕಿ ಕೊಲ್ತಿದ್ದರು. ಇದರಿಂದ ಪಾಪ ಅಂಟಬಾರದಲ್ಲ? ಅದಕ್ಕೂ ಏರ್ಪಾಡಿತ್ತು. ಐದು ಜನ ಎಫರ್ ಅನ್ನೋ ಅಧಿಕಾರಿಗಳು ಪ್ರತಿ ವರ್ಷ ಅಧಿಕಾರ ವಹಿಸಿಕೊಂಡ ಕೂಡಲೇ ಹೆಲೊಟರ ಮೇಲೆ ವಿಧಿವತ್ತಾಗಿ ಯುದ್ಧ ಘೋಷಿಸ್ತಿದ್ದರು. ಯುದ್ಧದಲ್ಲಿ ಕೊಂದರೆ ಕೊಲೆ ಅಲ್ಲ. ಎಷ್ಟು ನಾಜೂಕು ನೋಡಿ! ಲೈಕರ್ಗಸ್‌ನನ್ನು ಅಷ್ಟು ಮೆಚ್ಚುವ ಪ್ಲುಟಾರ್ಕ್‌ಗೇ ಇದನ್ನು ಅವನ ತಲೆಗೆ ಕಟ್ಟೋಕೆ ಮನಸ್ಸು ಬರಲ್ಲ, ಇದು ಆಮೇಲೆ ಬಂದಿರಬೇಕು ಅಂತ ಜಾರಿಕೊಳ್ತಾನೆ.

ಕ್ರಿಪ್ಟೆಯಾ ಒಂದು ದೀಕ್ಷೆಯೋ, ಪೊಲೀಸು ಪಡೆಯೋ, ಎರಡೂ ಹೌದೋ ಅಂತ ಇತಿಹಾಸಕಾರರು ಇವತ್ತಿಗೂ ಜಗಳ ಆಡ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ವಿಷಯ. ಮೆಗಿಲಸ್ ಹೇಳಿದ್ದರಲ್ಲಿ ಸುಳ್ಳು ಒಂದೂ ಇರಬೇಕಾಗಿಲ್ಲ. ಬರಿಗಾಲು ನಿಜ, ಚಳಿ ನಿಜ, ಹಸಿವು ನಿಜ. ಆ ಹುಡುಗ ನಿಜವಾಗಿಯೂ ಕಷ್ಟ ಸಹಿಸಿದ. ಅವನು ಯಾಕೆ ಅಲೀತಿದ್ದ ಅನ್ನೋದೊಂದನ್ನು ಬಿಟ್ಟರೆ ಸಾಕು, ಕೊಲೆ ಹೋಗಿ ಗುಣವಾಗಿಬಿಡುತ್ತೆ. ಏಳು ವರ್ಷದಿಂದ ಹಸಿಸಿ, ರಾತ್ರಿ ಕದಿಯೋಕೆ ಕಳಿಸಿ, ಸಿಕ್ಕಿಬೀಳೋದೇ ಅವಮಾನ ಅಂತ ಕಲಿಸಿ ಬೆಳೆಸಿದ್ದು ಇಲ್ಲಿಗೆ ಬಂದು ಸೇರುತ್ತೆ. ಕಳಕೊಂಡವನ ಮುಖ ನೋಡದೇ ಇರೋದನ್ನೂ ಆ ಹುಡುಗ ಹೊಟ್ಟೆಗೆ ಕಟ್ಟಿಕೊಂಡ ನರಿಯ ಜೊತೆಗೇ ಕಲೀತಾ ಇದ್ದ.

ಇಲ್ಲೊಂದು ಆಕ್ಷೇಪ ಬರುತ್ತೆ. ನನ್ನ ಗೆಳೆಯನೊಬ್ಬ, ಜಿಮ್ಮಿಗೆ ನಿಷ್ಠೆಯಿಂದ ಹೋಗೋನು, ಇದನ್ನೇ ಹೇಳಿದ: "ಗುರು, ಶಿಸ್ತು ಬೇರೆ, ಅದನ್ನ ಯಾವುದಕ್ಕೆ ಬಳಸ್ತೀವಿ ಅನ್ನೋದು ಬೇರೆ. ಚಾಕು ಚಾಕುನೇ, ಹಣ್ಣೂ ಹೆಚ್ಚಬಹುದು, ಕತ್ತೂ ಕುಯ್ಯಬಹುದು. ಅವರ ಧೈರ್ಯ ತಗೋ, ಪಾಪ ಬಿಡು." ಮೇಲುನೋಟಕ್ಕೆ ಸರಿಯಾದ ಮಾತು. ಎಲ್ಲ ಕಾಲದವರೂ ಹಿಂದಿನವರಿಂದ ಹಾಗೆ ಆರಿಸಿಕೊಂಡೇ ತಗೊಂಡಿದ್ದಾರೆ. ಅಥೆನ್ಸ್‌ನ ನಾಟಕ, ತತ್ವಶಾಸ್ತ್ರ ಓದೋ ನಾವು ಲಾರಿಯನ್ ಬೆಳ್ಳಿ ಗಣಿಗಳಲ್ಲಿ ಸತ್ತ ಗುಲಾಮರನ್ನು ನೆನೆಸಿಕೊಂಡು ಪುಸ್ತಕ ಮುಚ್ಚಲ್ಲ.

ಆದರೆ ಚಾಕುವಿನ ಹೋಲಿಕೆ ಇಲ್ಲಿ ನಿಲ್ಲಲ್ಲ ಅಂತ ನನ್ನ ವಾದ. ಚಾಕು ತನ್ನನ್ನು ಹಿಡಿದವನನ್ನು ಬದಲಾಯಿಸಲ್ಲ. ಶಿಕ್ಷಣ ಬದಲಾಯಿಸುತ್ತೆ. ಅದಕ್ಕಿಂತ ಮುಖ್ಯವಾಗಿ, ಸ್ಪಾರ್ಟನ್ನರು ಧೈರ್ಯವನ್ನು ಧೈರ್ಯ ಅನ್ನೋ ಕಾರಣಕ್ಕೆ ಗೌರವಿಸ್ತಿದ್ದರೇ? ಇದನ್ನು ಪರೀಕ್ಷೆ ಮಾಡೋಕೆ ಒಂದು ದಾರಿ ಇದೆ. ಅದೇ ಧೈರ್ಯ ಹೆಲೊಟನ ಮೈಯಲ್ಲಿ ಕಂಡಾಗ ಅವರು ಏನು ಮಾಡಿದರು ಅಂತ ನೋಡೋದು.

ಥುಸಿಡೈಡಿಸ್ ತನ್ನ ಯುದ್ಧದ ಇತಿಹಾಸದ ನಾಲ್ಕನೇ ಭಾಗದಲ್ಲಿ ಒಂದು ಘಟನೆ ಬರೀತಾನೆ. ಅಬ್ಬರ ಇಲ್ಲ, ಕೆಲವೇ ಸಾಲು. ಯುದ್ಧಗಳಲ್ಲಿ ತಮಗಾಗಿ ಹೆಚ್ಚು ಪರಾಕ್ರಮ ತೋರಿಸಿದ್ದೇವೆ ಅಂತ ಯಾರಿಗೆ ಅನ್ನಿಸುತ್ತೋ ಅವರು ಮುಂದೆ ಬನ್ನಿ, ಬಿಡುಗಡೆ ಕೊಡ್ತೀವಿ ಅಂತ ಸ್ಪಾರ್ಟನ್ನರು ಹೆಲೊಟರಿಗೆ ಸಾರಿದರು. ಅದೊಂದು ಪರೀಕ್ಷೆ. ಬಿಡುಗಡೆಗೆ ಮೊದಲು ಕೈ ಎತ್ತೋ ಕೆಚ್ಚು ಯಾರಿಗಿದೆಯೋ, ತಮ್ಮ ಮೇಲೆ ಮೊದಲು ತಿರುಗಿಬೀಳೋರೂ ಅವರೇ ಅನ್ನೋದು ಲೆಕ್ಕ. ಸುಮಾರು 2,000 ಜನರನ್ನು ಆರಿಸಿದರು. ಆರಿಸಿದವರು ತಲೆಗೆ ಹೂವಿನ ಹಾರ ಸುತ್ತಿಕೊಂಡು, ಬಿಡುಗಡೆಯಾಯ್ತು ಅಂತ ದೇವಸ್ಥಾನಗಳನ್ನು ಸುತ್ತಿ ಬಂದರು. ಸ್ವಲ್ಪ ದಿನಕ್ಕೆ ಅವರು ಕಾಣೆಯಾದರು. ಒಬ್ಬೊಬ್ಬರೂ ಹೇಗೆ ಸತ್ತರು ಅನ್ನೋದು ಯಾರಿಗೂ ತಿಳೀಲಿಲ್ಲ.

ಈ ಭಾಗ ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಆ ದೇವಸ್ಥಾನದ ಸುತ್ತು ನನ್ನನ್ನು ಬಿಡಲೇ ಇಲ್ಲ. ಮನೆಯಲ್ಲಿ ಹೆಂಡತಿ ಮಕ್ಕಳಿಗೆ ಹೇಳಿ ಬಂದಿರ್ತಾರೆ ಅಲ್ವಾ?

ಈಗ ಗೆಳೆಯನ ಮಾತಿಗೆ ಬರೋಣ. ಧೈರ್ಯ, ಗಟ್ಟಿ ಮೈ, ಮುಂದೆ ಬರೋ ಕೆಚ್ಚು: ಸ್ಪಾರ್ಟಾ ತನ್ನ ಮಕ್ಕಳಲ್ಲಿ ಹದಿಮೂರು ವರ್ಷ ಏಟು ಹಾಕಿ ಬೆಳೆಸಲು ನೋಡಿದ್ದು ಇದನ್ನೇ. ಹೊಲದಲ್ಲಿ ಅದು ತಾನೇ ತಾನಾಗಿ ಬೆಳೆದಾಗ ಹುಡುಕಿ ಕಿತ್ತದ್ದೂ ಇದನ್ನೇ. ಹಾಗಿದ್ದಮೇಲೆ ಅವರು ಮೆಚ್ಚಿದ್ದು ಧೈರ್ಯವನ್ನಲ್ಲ, ತಮ್ಮವರ ಧೈರ್ಯವನ್ನು. ಅವೆರಡೂ ಒಂದೇ ಗುಣ ಅಲ್ಲ. ಯಾವ ಗುಣವನ್ನು ಇನ್ನೊಬ್ಬನಲ್ಲಿ ಕಂಡರೆ ಗೌರವಿಸೋಕೆ ಆಗಲ್ವೋ ಅದನ್ನು ನಾವು ಗುಣ ಅಂತ ಕಾಣ್ತಿಲ್ಲ, ಆಸ್ತಿ ಅಂತ ಕಾಣ್ತಿದ್ದೀವಿ. ಆಸ್ತಿಯನ್ನೇ ತಾನೆ ಬೇರೆಯವನ ಕೈಲಿ ನೋಡೋಕೆ ಆಗದೇ ಇರೋದು.

ಇನ್ನೊಂದು ತಮಾಷೆ. ಅದೇ ಥುಸಿಡೈಡಿಸ್ ಮುಂದೆ ಹೇಳ್ತಾನೆ: ಕ್ರಿ.ಪೂ. 424ರಲ್ಲಿ ಬ್ರಾಸಿಡಸ್ ಅನ್ನೋ ಸೇನಾಪತಿಯ ಜೊತೆ 700 ಹೆಲೊಟರನ್ನು ಭಾರೀ ಆಯುಧದ ಸೈನಿಕರನ್ನಾಗಿ ಮಾಡಿ ಉತ್ತರದ ಥ್ರೇಸ್ ಕಡೆ ಕಳಿಸಿದರು. ಊರಿನಲ್ಲಿ ಇರೋದಕ್ಕಿಂತ ದೂರ ಹೋದರೆ ಸಾಕು ಅನ್ನೋದೂ ಒಂದು ಕಾರಣ. ಅವರಲ್ಲಿ ಯಾರೂ ಜೊಂಡಿನ ಮೇಲೆ ಮಲಗಿ ಬಂದವರಲ್ಲ, ಹೆಬ್ಬೆರಳು ಕಚ್ಚಿಸಿಕೊಂಡವರಲ್ಲ. ಆ ದಂಡು ಊರೂರು ಗೆದ್ದಿತು. ವಾಪಸ್ ಬಂದವರಿಗೆ ಬಿಡುಗಡೆಯನ್ನೂ ಕೊಟ್ಟರು, ಈ ಸಲ ನಿಜವಾಗಿ. ಅರಿಸ್ಟಾಟಲ್‌ಗೆ ಈ ವಿಷಯದಲ್ಲಿ ಮುಲಾಜಿಲ್ಲ. ಸ್ಪಾರ್ಟಾ ಮಕ್ಕಳನ್ನು ಮೃಗಗಳ ಹಾಗೆ ಮಾಡಿತು, ಒರಟುತನ ಬೇರೆ ಧೈರ್ಯ ಬೇರೆ ಅನ್ನೋದು ಅವರಿಗೆ ತಿಳೀಲಿಲ್ಲ ಅಂತಾನೆ. ಬೇರೆ ಯಾರೂ ತರಬೇತಿ ಮಾಡದೇ ಇದ್ದಾಗ ಮಾತ್ರ ಅವರು ಗೆದ್ದರು, ಉಳಿದವರೂ ಶುರು ಮಾಡಿದ ಮೇಲೆ ಸೋತರು ಅಂತ ಅವನ ಲೆಕ್ಕ.

ನನ್ನ ಐದೂವರೆಯ ಓಟಕ್ಕೆ ಮುಂಚೆ ಯಾರೋ ಎದ್ದು ಹಾಲು ಹಾಕಿರ್ತಾರೆ, ರಸ್ತೆ ಗುಡಿಸಿರ್ತಾರೆ ಅನ್ನೋದು ನನಗೆ ಗೊತ್ತಿದೆ. ಅವರನ್ನು ಹೆಲೊಟರು ಅಂತ ಕರೆದು ಸುಲಭವಾಗಿ ಕಣ್ಣೀರು ಹಾಕೋಕೆ ನನಗೆ ಇಷ್ಟ ಇಲ್ಲ. ಆ ಹೋಲಿಕೆ ಇಬ್ಬರಿಗೂ ಅವಮಾನ. ನಾನು ಕೇಳ್ತಿರೋದು ಇಷ್ಟೇ: ಯಾರಾದರೂ ತಾನು ಎಷ್ಟು ಕಷ್ಟ ತಡಕೊಂಡೆ ಅಂತ ಹೇಳುವಾಗ, ಆ ಕಷ್ಟ ಯಾವ ಕೆಲಸಕ್ಕೆ ಬಿತ್ತು ಅಂತ ಕೇಳೋದು ನಮಗೆ ಯಾಕೆ ಅಸಭ್ಯ ಅನ್ನಿಸುತ್ತೆ? ಮೂರು ರಾತ್ರಿ ನಿದ್ದೆಗೆಟ್ಟು ರಿಲೀಸ್ ಮುಗಿಸಿದ ಟೀಮಿಗೆ ಚಪ್ಪಾಳೆ ತಟ್ತೀವಿ. ರಿಲೀಸ್ ಆದದ್ದು ಏನು ಅಂತ ಕೇಳೋಕೆ ಹೋಗಲ್ಲ.

ಸ್ಪಾರ್ಟಾ ತನ್ನ ಸ್ವಂತ ಮಕ್ಕಳನ್ನಾದರೂ ಚೆನ್ನಾಗಿ ನೋಡಿಕೊಂಡಿತಾ? ಥರ್ಮೊಪಿಲೆಯ 300 ಜನರಲ್ಲಿ ಇಬ್ಬರಿಗೆ ಕಣ್ಣುಬೇನೆ ಬಂದಿತ್ತು, ಯೂರಿಟಸ್ ಮತ್ತು ಅರಿಸ್ಟೊಡೆಮಸ್. ರಾಜ ಲಿಯೊನಿಡಾಸ್ ಇಬ್ಬರನ್ನೂ ಹಿಂದಕ್ಕೆ ಕಳಿಸಿದ್ದ. ಪರ್ಷಿಯನ್ನರು ಸುತ್ತುವರಿದ ಸುದ್ದಿ ಬಂದಾಗ ಯೂರಿಟಸ್ ಕವಚ ತೊಟ್ಟು, ತನ್ನ ಹೆಲೊಟನ ಕೈ ಹಿಡಿದು ರಣರಂಗಕ್ಕೆ ನಡೆದ. ಹೆಲೊಟ ಅವನನ್ನು ಅಲ್ಲಿಯವರೆಗೆ ತಲುಪಿಸಿ ಓಡಿಹೋದ. ಯೂರಿಟಸ್ ನುಗ್ಗಿ ಸತ್ತ. ಆ ಹೆಲೊಟನ ಹೆಸರನ್ನು ಹೆರೊಡೊಟಸ್ ಬರೆದಿಲ್ಲ. ಅವನು ಓಡಿದ್ದು ಹೇಡಿತನವಾ? ಕಣ್ಣು ಕಾಣದವನನ್ನು ಸಾವಿನ ಬಾಗಿಲವರೆಗೆ ಕೈಬಿಡದೆ ನಡೆಸಿಕೊಂಡು ಹೋದವನು ಅವನು. ಆಮೇಲಿನದ್ದು ಅವನ ಯುದ್ಧ ಅಲ್ಲ. (ಓಡದೆ ಉಳಿದ ಹೆಲೊಟರೂ ಅಲ್ಲಿ ಸತ್ತಿದ್ದರು. ಸತ್ತವರನ್ನು ನೋಡಲು ಬಂದ ಪರ್ಷಿಯಾದ ನಾವಿಕರು ಅವರನ್ನೂ ಸ್ಪಾರ್ಟನ್ನರು, ಥೆಸ್ಪಿಯನ್ನರು ಅಂದುಕೊಂಡರಂತೆ. ಸಿನಿಮಾದಲ್ಲಿ ಅವರ ಸುಳಿವೇ ಇಲ್ಲ.)

ಅರಿಸ್ಟೊಡೆಮಸ್ ಮನೆಗೆ ಬಂದ. ಯಾರೂ ಅವನ ಜೊತೆ ಮಾತಾಡಲಿಲ್ಲ. ಒಲೆ ಹಚ್ಚೋಕೆ ಕೆಂಡ ಕೂಡ ಕೊಡಲಿಲ್ಲ. 'ನಡುಕದವನು' ಅಂತ ಹೆಸರಿಟ್ಟರು. ಸುದ್ದಿ ಒಯ್ಯಲು ಹೋಗಿ ಬದುಕುಳಿದಿದ್ದ ಪ್ಯಾಂಟಿಟಸ್ ಅನ್ನೋ ಇನ್ನೊಬ್ಬ ನೇಣು ಹಾಕಿಕೊಂಡ. ಅರಿಸ್ಟೊಡೆಮಸ್ ಮಾತ್ರ ಮರುವರ್ಷದವರೆಗೆ ಕಾದು, ಪ್ಲಾಟಿಯಾದಲ್ಲಿ ಸಾಲು ಬಿಟ್ಟು ಮುಂದೆ ನುಗ್ಗಿ, ಎಲ್ಲರಿಗಿಂತ ಉಗ್ರವಾಗಿ ಕಾದಾಡಿ ಸತ್ತ. ಆ ದಿನ ಅವನಿಗಿಂತ ದೊಡ್ಡ ಶೂರ ಇರಲಿಲ್ಲ ಅಂತ ಹೆರೊಡೊಟಸ್‌ನ ತೀರ್ಪು. ಸ್ಪಾರ್ಟನ್ನರು ಸೇರಿ ಚರ್ಚೆ ಮಾಡಿದರು, ಗೌರವ ಕೊಡಲಿಲ್ಲ. ಇವನು ಸಾಯೋಕೆ ಬಯಸಿದ್ದ, ಅದಕ್ಕೇ ನುಗ್ಗಿದ ಅಂದರು. ಆ ಬಯಕೆ ಹುಟ್ಟಿಸಿದವರು ಯಾರು ಅನ್ನೋದು ಆ ಸಭೆಯಲ್ಲಿ ಯಾರಿಗೂ ಹೊಳೀಲಿಲ್ಲವೋ ಏನೋ.

ನೂರಕ್ಕೂ ಹೆಚ್ಚು ವರ್ಷದ ನಂತರ, ಕ್ರಿ.ಪೂ. 371ರಲ್ಲಿ, ಲ್ಯೂಕ್ಟ್ರಾದಲ್ಲಿ ಥೀಬ್ಸ್‌ನ ಸೈನ್ಯ ಸ್ಪಾರ್ಟಾವನ್ನು ಸೋಲಿಸಿತು. ಅಲ್ಲಿದ್ದ ಸುಮಾರು 700 ಸ್ಪಾರ್ಟನ್ ನಾಗರಿಕರಲ್ಲಿ 400 ಜನ ಸತ್ತರು. ಸುದ್ದಿ ಬಂದಾಗ ಊರಲ್ಲಿ ಹಬ್ಬದ ಕೊನೆಯ ದಿನ, ಗಂಡಸರ ಹಾಡು ಕುಣಿತ ನಡೀತಿತ್ತು. ಎಫರ್‌ಗಳು ಅದನ್ನು ನಿಲ್ಲಿಸಲಿಲ್ಲ. ಸತ್ತವರ ಹೆಸರನ್ನು ಅವರವರ ಮನೆಯವರಿಗೆ ತಿಳಿಸಿ, ಹೆಂಗಸರು ಅಳಬಾರದು ಅಂತ ಕಟ್ಟಪ್ಪಣೆ ಮಾಡಿದರು. ಮರುದಿನ ಸತ್ತವರ ಮನೆಯವರು ಬೀದಿಯಲ್ಲಿ ಗೆಲುವಿನ ಮುಖ ಮಾಡಿಕೊಂಡು ಓಡಾಡ್ತಿದ್ದರು. ಬದುಕುಳಿದವರ ಮನೆಯವರು ತಲೆ ತಗ್ಗಿಸಿಕೊಂಡಿದ್ದರು. ಇದನ್ನು ಬರೆದದ್ದು ಝೆನೊಫನ್. ಅವನ ಮಾತಿನಲ್ಲಿ ಮೆಚ್ಚುಗೆ ಇದೆಯೋ ಸಂಕಟ ಇದೆಯೋ ಅಂತ ನಾನು ಎರಡು ಮೂರು ಸಲ ಓದಿ ನೋಡಿದೆ. ಮೆಚ್ಚುಗೆಯೇ ಇರಬೇಕು.

ಸೋತು ವಾಪಸ್ ಬಂದವರನ್ನು ಏನು ಮಾಡೋದು? ಕಾನೂನಿನ ಪ್ರಕಾರ ಎಲ್ಲರೂ ನಡುಕದವರೇ, ಅರಿಸ್ಟೊಡೆಮಸ್‌ಗೆ ಆದ ಶಿಕ್ಷೆಯೇ ಆಗಬೇಕು. ಆದರೆ ಇವರು ಒಬ್ಬಿಬ್ಬರಲ್ಲ. ಹೆರೊಡೊಟಸ್‌ನ ಕಾಲದ ಲೆಕ್ಕದಲ್ಲಿ 8,000 ಇದ್ದ ಸ್ಪಾರ್ಟಾದ ಗಂಡಸರು, ಊಟದ ಕೂಟಕ್ಕೆ ಪಾಲು ಕಟ್ಟಲಾಗದೆ ಪೌರತ್ವ ಕಳಕೊಂಡವರು, ಸತ್ತವರು ಎಲ್ಲ ಕಳೆದು ಅರಿಸ್ಟಾಟಲ್ ಬರೆಯೋ ಹೊತ್ತಿಗೆ ಸಾವಿರವೂ ಉಳಿದಿರಲಿಲ್ಲ. ಅಂಥದ್ದರಲ್ಲಿ ಬದುಕಿ ಬಂದವರನ್ನೂ ಹೊರಹಾಕಿದರೆ ಊರು ಕಾಯೋರು ಯಾರು? ಮುದುಕನಾಗಿದ್ದ ರಾಜ ಅಗೆಸಿಲಾಸ್, ಇವತ್ತೊಂದು ದಿನ ಕಾನೂನು ಮಲಗಿರಲಿ ಅನ್ನೋ ಅರ್ಥದ ತೀರ್ಪು ಕೊಟ್ಟ ಅಂತ ಪ್ಲುಟಾರ್ಕ್ ಬರೀತಾನೆ. ಒಬ್ಬ ನಡುಗಿದರೆ ಕೆಂಡ ಇಲ್ಲ, ನೂರಾರು ಜನ ನಡುಗಿದರೆ ಕಾನೂನಿಗೆ ನಿದ್ದೆ!

ಮರುವರ್ಷದ ಚಳಿಗಾಲದಲ್ಲಿ ಥೀಬ್ಸ್‌ನ ಎಪಾಮಿನೊಂಡಾಸ್ ಸೈನ್ಯ ತಗೊಂಡು ಸ್ಪಾರ್ಟಾದ ನೆಲಕ್ಕೇ ಬಂದ. ಆಮೇಲೆ ಮೆಸ್ಸೇನಿಯಾಕ್ಕೆ ಹೋಗಿ ಅಲ್ಲಿನ ಹೆಲೊಟರನ್ನು ಬಿಡುಗಡೆ ಮಾಡಿದ. ಸುಮಾರು ನೂರು ವರ್ಷದ ಹಿಂದೆ, ಭೂಕಂಪ ಆದಾಗ ದಂಗೆ ಎದ್ದು, ಇಥೋಮೆ ಅನ್ನೋ ಬೆಟ್ಟದ ಮೇಲೆ ವರ್ಷಗಟ್ಟಲೆ ಕೋಟೆ ಹಿಡಿದು ಕೂತಿದ್ದ ಜನ ಅವರು. ಅದೇ ಬೆಟ್ಟದ ತಪ್ಪಲಲ್ಲಿ, ಕ್ರಿ.ಪೂ. 369ರಲ್ಲಿ, ಅವರಿಗಾಗಿ ಮೆಸ್ಸೇನೆ ಅನ್ನೋ ಹೊಸ ಊರು ಎದ್ದಿತು. ಹಿಂದೆ ದೇಶ ಬಿಟ್ಟು ಹೋಗಿದ್ದ ಮೆಸ್ಸೇನಿಯರನ್ನು ಇಟಲಿ, ಸಿಸಿಲಿ, ಆಫ್ರಿಕಾದ ಕರಾವಳಿಯಿಂದಲೂ ಕರೆಸಿಕೊಂಡರು. ಊರಿನ ಸುತ್ತ ಕಟ್ಟಿದ ಕಲ್ಲಿನ ಗೋಡೆ 9 ಕಿಲೋಮೀಟರಿಗೂ ಹೆಚ್ಚು ಉದ್ದ, ಅದರ ಕಾವಲು ಗೋಪುರಗಳು, ಅರ್ಕೇಡಿಯಾ ಕಡೆಯ ಹೆಬ್ಬಾಗಿಲು ಇವತ್ತಿಗೂ ನಿಂತಿವೆ. ಸ್ಪಾರ್ಟಾದ ಬೆಟ್ಟಗುಡ್ಡಗಳಿಗೆ ಹೋದರೆ ಅಷ್ಟು ನೋಡೋಕೆ ಸಿಗಲ್ಲ.

ಝೆನೊಫನ್ ಆಗಿನ್ನೂ ಬದುಕಿದ್ದ. ತನ್ನ ಮಕ್ಕಳನ್ನು ಸ್ಪಾರ್ಟಾದಲ್ಲೇ ಓದಿಸು ಅಂತ ಅಗೆಸಿಲಾಸ್ ಅವನಿಗೆ ಹೇಳಿದ್ದನಂತೆ. ಆ ಕಾಲದ ಗ್ರೀಸಿನ ಇತಿಹಾಸವನ್ನು ಅವನು ಉದ್ದಕ್ಕೂ ಬರೆದಿದ್ದಾನೆ, ಲ್ಯೂಕ್ಟ್ರಾದ ಸುದ್ದಿ ಬಂದ ದಿನ ಯಾರ ಮುಖ ಹೇಗಿತ್ತು ಅನ್ನೋದರವರೆಗೆ. ಹುಡುಗರ ಬರಿಗಾಲು, ಒಂದೇ ಬಟ್ಟೆ, ಅರೆಹೊಟ್ಟೆಯ ಬಗ್ಗೆ ಅಷ್ಟು ಪ್ರೀತಿಯಿಂದ ಬರೆದ ಅದೇ ಕೈ, ಮೆಸ್ಸೇನೆ ಊರು ಕಟ್ಟಿದ ಸಂಗತಿಯನ್ನು ಬರೀಲೇ ಇಲ್ಲ. ಮುಂದೆ ಎಲ್ಲೋ ಸಂಧಿಯ ಮಾತುಕತೆ ನಡೆಯುವಾಗ, ಸ್ಪಾರ್ಟಾ ಕಳಕೊಂಡದ್ದು ಅಂತ ಆ ಹೆಸರು ಒಂದೆರಡು ಸಲ ಇಣುಕಿ ಹೋಗುತ್ತೆ, ಅಷ್ಟೇ.